ಪೈನ್ ಮೊದಲು ಹೊರಡುತ್ತದೆ, ಮರ ಆಮೇಲೆ ಬರುತ್ತದೆ

ಪರ್ಫ್ಯೂಮ್ ಬಗ್ಗೆ ಈ ಸಲ ಬಂದ ಪತ್ರಗಳಲ್ಲಿ ಹೂವಿನ ಸುದ್ದಿಯೇ ಇಲ್ಲ. ಎಲ್ಲರಿಗೂ ಕಾಡೇ ಬೇಕಂತೆ. ಪೈನ್, ಫರ್, ಸೀಡರ್, ಗಂಧ, ಅಗರು. ನನಗೂ ಖುಷಿಯೇ. ಪರ್ಫ್ಯೂಮ್ ಲ್ಯಾಬಿನ ತೂಕದ ಕೋಣೆಯಲ್ಲಿ ಕೆಲಸಕ್ಕಿದ್ದಾಗ ನನ್ನ ಎಡಗೈ ಪಕ್ಕದ ಕಪಾಟಿನ ತುಂಬ ಇವೇ ಬಾಟಲಿಗಳು. ಹೆಚ್ಚು ಕಡಿಮೆ ಒಂದೇ ಆಗಿರುವ ಪ್ರಶ್ನೆಗಳನ್ನು ಸೇರಿಸಿ ಒಂದು ಮಾಡಿದ್ದೇನೆ. ಶುರು ಮಾಡೋಣ.

ಪ್ರಶ್ನೆ: ಮೇಡಂ, ಅಂಗಡಿಯಲ್ಲಿ ಮೂಸಿದಾಗ ಪೈನ್ ಕಾಡಿನೊಳಗೆ ನಿಂತ ಹಾಗಿತ್ತು. ಅಲ್ಲೇ ಕೊಂಡೆ. ಮನೆಗೆ ಬಂದು ಹಚ್ಚಿಕೊಂಡರೆ ಅರ್ಧ ಗಂಟೆಯೊಳಗೆ ಪೈನ್ ಮಾಯ. ಉಳಿದದ್ದು ಒಣ ಮರದ ವಾಸನೆ. ನನಗೆ ನಕಲಿ ಮಾಲು ಕೊಟ್ಟರಾ?

ಉತ್ತರ: ನಕಲಿ ಇರಲಾರದು. ಅಂಗಡಿಯಲ್ಲಿ ನೀವು ಮೂಸಿದ್ದು ಮೊದಲ ಹತ್ತು ನಿಮಿಷ ಮಾತ್ರ. ದುಡ್ಡು ಕೊಟ್ಟದ್ದು ಪೂರ್ತಿ ಬಾಟಲಿಗೆ.

ಪೈನ್ ಎಲೆಯ ವಾಸನೆಯಲ್ಲಿ ಮುಖ್ಯವಾಗಿ ಇರುವುದು ಪೈನೀನ್ ಮತ್ತು ಅದರ ಅಣ್ಣತಮ್ಮಂದಿರು. ಇವೆಲ್ಲ ಸಣ್ಣ ಅಣುಗಳು. ಒಂದೊಂದರಲ್ಲೂ 10 ಕಾರ್ಬನ್ ಪರಮಾಣು. ಸಣ್ಣವು, ಹಗುರ, ಗಾಳಿಗೆ ಹಾರಲು ತುದಿಗಾಲಲ್ಲಿ ನಿಂತಿರುತ್ತವೆ. ಟರ್ಪೆಂಟೈನ್ ಡಬ್ಬಿಯ ಮುಚ್ಚಳ ತೆಗೆದ ತಕ್ಷಣ ಕೋಣೆಯೆಲ್ಲ ಘಾಟು ತುಂಬುತ್ತದಲ್ಲ, ಅದೂ ಬಹುಪಾಲು ಇದೇ ಪೈನೀನ್. ಗಂಧದ ಎಣ್ಣೆಯ ಜೀವಾಳ ಸ್ಯಾಂಟಲಾಲ್. ಅದರಲ್ಲಿ 15 ಕಾರ್ಬನ್. ಸೀಡರ್ ಎಣ್ಣೆಯ ಸೆಡ್ರಾಲ್‌ನಲ್ಲೂ 15. ಪೈನೀನ್ ಕುದಿಯುವುದು ಸುಮಾರು 156 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಸ್ಯಾಂಟಲಾಲ್ ಕುದಿಯಬೇಕಾದರೆ 300 ಡಿಗ್ರಿ ಹತ್ತಿರ ಹೋಗಬೇಕು. ಮೈಯ ಬಿಸಿಗೆ ಯಾವುದು ಮೊದಲು ಹೊರಡುತ್ತದೆ ಅಂತ ಬೇರೆ ಹೇಳಬೇಕಿಲ್ಲ.

ಇವೆರಡರ ನಡುವೆ ಇನ್ನೊಂದಿದೆ. ಬಾರ್ನೈಲ್ ಅಸಿಟೇಟ್ ಅಂತ. 12 ಕಾರ್ಬನ್. ನಿಜ ಹೇಳಬೇಕೆಂದರೆ ನಾವು 'ಕ್ರಿಸ್‌ಮಸ್ ಮರದ ವಾಸನೆ' ಅನ್ನುವುದು ಪೈನೀನನ್ನಲ್ಲ, ಇದನ್ನು. ಸೈಬೀರಿಯನ್ ಫರ್ ಎಣ್ಣೆಯಲ್ಲಿ ಸುಮಾರು ಮೂರನೇ ಒಂದು ಪಾಲು ಇದೇ ಇರುತ್ತದೆ. ಅದಕ್ಕೇ ಫರ್ ಎಣ್ಣೆ ಪೈನ್ ಎಣ್ಣೆಗಿಂತ ಸ್ವಲ್ಪ ಹೊತ್ತು ಜಾಸ್ತಿ ನಿಲ್ಲುತ್ತದೆ, ಸ್ವಲ್ಪ ಮೆತ್ತಗೂ ಇರುತ್ತದೆ. ಆದರೂ ಸಂಜೆವರೆಗೆ ಬರುವ ಸಾಮಾನಲ್ಲ.

ಹಾಗಾದರೆ ಕೆಲವು ಪರ್ಫ್ಯೂಮ್‌ಗಳು ಮಧ್ಯಾಹ್ನವಾದರೂ ಹಸಿರು ಹಸಿರಾಗಿ ಘಮ್ಮೆನ್ನುವುದು ಹೇಗೆ? ಅಲ್ಲೊಂದು ಕೈಚಳಕ ಇದೆ. ಪೈನನ್ನು ಹಿಡಿದು ನಿಲ್ಲಿಸಲು ಆಗುವುದಿಲ್ಲ ಅಂತ ಪರ್ಫ್ಯೂಮರ್‌ಗೆ ಗೊತ್ತು. ಅವರು ಮಾಡುವುದೇನೆಂದರೆ, ಪೈನ್ ಹೋದ ಮೇಲೆ ಉಳಿಯುವ ಮರಕ್ಕೇ ಹಸಿರು ಬಣ್ಣ ಬಳಿಯುತ್ತಾರೆ. ಅದಕ್ಕೆ ನನಗೆ ಅತಿ ಇಷ್ಟದ ವಸ್ತು ಫರ್ ಬಾಲ್ಸಮ್ ಅಬ್ಸಲ್ಯೂಟ್. ಕೆನಡಾ ಕಡೆಯ ಬಾಲ್ಸಮ್ ಫರ್ ಮರದ ಸೂಜಿ ಎಲೆ, ಸಣ್ಣ ರೆಂಬೆಗಳನ್ನು ಹಬೆಗೆ ಹಿಡಿಯದೆ ದ್ರಾವಕದಲ್ಲಿ ನೆನೆಸಿ ತೆಗೆಯುವ ಸಾರ. ಕಡು ಹಸಿರು, ಗಟ್ಟಿ, ಅಂಟು. ಬಾಟಲಿ ತಲೆಕೆಳಗು ಮಾಡಿದರೂ ಇಳಿಯುವುದಿಲ್ಲ. ಬಿಸಿನೀರಿನ ಬಟ್ಟಲಲ್ಲಿ ಬಾಟಲಿ ಇಟ್ಟು ಕಾದು, ಗಾಜಿನ ಕಡ್ಡಿಯಿಂದ ಎಳೆದು ತೂಕಕ್ಕೆ ಹಾಕಬೇಕು. ಕಡ್ಡಿಯ ತುದಿಯಿಂದ ದಾರದ ಹಾಗೆ ಇಳಿಯುತ್ತಾ ಹೋಗುತ್ತದೆ, ತಕ್ಕಡಿಯ ಅಂಕಿ ಒಂದೇ ಕಡೆ ನಿಲ್ಲುವುದೇ ಇಲ್ಲ. ಬೈದುಕೊಂಡೇ ಕೆಲಸ ಮಾಡುತ್ತಿದ್ದೆ. ಆದರೆ ವಾಸನೆ? ಎಲೆ, ಅಂಟು, ಅದರ ಕೆಳಗೆ ಸ್ಟ್ರಾಬೆರಿ ಜಾಮ್. ತಮಾಷೆಯಲ್ಲ, ಜಾಮೇ. ಒಂದು ಕಾಗದದ ಪಟ್ಟಿಯನ್ನು ಅದರಲ್ಲಿ ಅದ್ದಿಟ್ಟರೆ ಮಾರನೇ ದಿನವೂ ಇರುತ್ತದೆ.

ಇನ್ನೊಂದು ಸಲ ಅಂಗಡಿಗೆ ಹೋದರೆ ಕಾಗದದ ಪಟ್ಟಿಯ ಮೇಲೆ ಹಾಕಿಸಿಕೊಂಡು, ಪಟ್ಟಿ ಮೇಲೆ ಹೆಸರು ಬರೆದು ಮನೆಗೆ ಬನ್ನಿ. ಸಂಜೆ ಮೂಸಿ. ಅದು ಇಷ್ಟವಾದರೆ ಮಾತ್ರ ವಾಪಸ್ ಹೋಗಿ.

ಪ್ರಶ್ನೆ: ನನಗೆ ಪೈನ್ ಪರ್ಫ್ಯೂಮ್ ಅಂದರೆ ಪ್ರಾಣ. ನಮ್ಮ ಯಜಮಾನರು ಮಾತ್ರ 'ನೆಲ ಒರೆಸಿದ ವಾಸನೆ ಬರ್ತಿದೆ' ಅಂತಾರೆ. ಯಾರು ಸರಿ?

ಉತ್ತರ: ಇಬ್ಬರೂ ಸರಿ. ಜಗಳ ಬೇಡ.

ಬಾರ್ನೈಲ್ ಅಸಿಟೇಟ್‌ಗೆ ಐಸೋಬಾರ್ನೈಲ್ ಅಸಿಟೇಟ್ ಅಂತ ಒಬ್ಬ ಅವಳಿ ಇದ್ದಾನೆ. ಟರ್ಪೆಂಟೈನಿನ ಪೈನೀನನ್ನು ಕ್ಯಾಂಫೀನ್ ಮಾಡಿ, ಅದಕ್ಕೆ ಅಸಿಟಿಕ್ ಆಸಿಡ್ ಕೂಡಿಸಿದರೆ ಸಿಗುತ್ತಾನೆ. ಅಗ್ಗ. ಸಾಬೂನಿನಲ್ಲಿ ಹಾಕಿದರೂ ಕೆಡುವುದಿಲ್ಲ. ಹಾಗಾಗಿ ನೆಲ ಒರೆಸುವ ದ್ರವ, ಬಾತ್ರೂಮ್ ಕ್ಲೀನರ್, ಕಾರಿನಲ್ಲಿ ತೂಗು ಹಾಕುವ ಕಾಗದದ ಮರ, ಎಲ್ಲ ಕಡೆ ಹೊಕ್ಕುಬಿಟ್ಟ. ನಿಮ್ಮ ಯಜಮಾನರ ಮೂಗು ತಪ್ಪು ಹೇಳುತ್ತಿಲ್ಲ. ಅದು ಮೊದಲು ಆ ವಾಸನೆ ಕಂಡದ್ದು ಬಕೆಟ್‌ನಲ್ಲಿ, ಕಾಡಿನಲ್ಲಲ್ಲ.

ಇದರಿಂದ ತಪ್ಪಿಸಿಕೊಳ್ಳಲು ಪರ್ಫ್ಯೂಮರ್‌ಗಳು ಬೇರೆ ಬೇರೆ ದಾರಿ ಹಿಡಿದಿದ್ದಾರೆ. 1955ರಲ್ಲಿ ಬಂದ ಪಿನೋ ಸಿಲ್ವೆಸ್ತ್ರೆ ಅಂತ ಇಟಲಿಯ ಒಂದು ಪರ್ಫ್ಯೂಮ್ ಇದೆ. ಬಾಟಲಿಯೇ ಪೈನ್ ಕಾಯಿಯ ಆಕಾರ. ಅದು ಪೈನನ್ನು ಮುಚ್ಚಿಡುವ ಗೋಜಿಗೇ ಹೋಗಿಲ್ಲ. ನಾನು ಪೈನ್, ಬೇಕಾದರೆ ತಗೊಳ್ಳಿ ಅನ್ನುತ್ತದೆ. ಅದರ ಆ ಧೈರ್ಯ ನನಗೆ ಇಷ್ಟ. 1978ರ ಪೋಲೋ, ಹಸಿರು ಬಾಟಲಿಯದು, ಪೈನ್ ಜೊತೆಗೆ ತೊಗಲು, ತಂಬಾಕು ಸೇರಿಸಿತು. ಬಕೆಟ್ ನೆನಪು ಅಲ್ಲಿಗೆ ಹೋಯಿತು, ಯಾಕೆಂದರೆ ಯಾವ ಕ್ಲೀನರ್‌ನಲ್ಲೂ ತೊಗಲಿನ ವಾಸನೆ ಇರುವುದಿಲ್ಲ. 2009ರಲ್ಲಿ ಸೆರ್ಜ್ ಲುಟೆನ್ಸ್ ಪರ್ಫ್ಯೂಮ್ ಕಂಪನಿಯಿಂದ ಬಂದ 'ಫಿಯ್ ಆನ್ ಎಗ್ವಿಯ್' ಸೂಜಿ ಎಲೆಗೆ ಧೂಪ ಮತ್ತು ಸಕ್ಕರೆ ಹಾಕಿ ಬೇಯಿಸಿದ ಹಣ್ಣಿನಂಥ ಸಿಹಿ ಕೊಟ್ಟಿತು.

ಅಂದರೆ ಯಾವ ಜೊತೆಗಾರ ಸಿಕ್ಕ ಅನ್ನುವುದರ ಮೇಲೆ ಪೈನ್ ನಿಂತಿದೆ. ನಿಂಬೆ ಜೊತೆ ಕೂರಿಸಿದರೆ ಬಾತ್ರೂಮ್. ಧೂಪ, ತೊಗಲು, ಹೊಗೆ, ಜಾಮಿನ ಸಿಹಿ ಜೊತೆ ಕೂರಿಸಿದರೆ ಕಾಡು. ನಿಮ್ಮ ಬಾಟಲಿ ಯಾವುದು ಅಂತ ನೀವು ಬರೆದಿಲ್ಲ. ಅದರಲ್ಲಿ ನಿಂಬೆ ಜಾಸ್ತಿ ಇದ್ದರೆ ಮಾತ್ರ ನಾನು ಯಜಮಾನರ ಪಕ್ಷ.

ಪ್ರಶ್ನೆ: ಎರಡು ಪರ್ಫ್ಯೂಮ್ ಇವೆ. ಎರಡರ ಮೇಲೂ ಸೀಡರ್ ಎಂದೇ ಬರೆದಿದೆ. ಒಂದು ಪೆನ್ಸಿಲ್ ಕೆತ್ತಿದ ಹಾಗೆ, ಇನ್ನೊಂದು ಸಿಹಿಯಾಗಿ, ಸ್ವಲ್ಪ ಪ್ರಾಣಿ ಪ್ರಾಣಿ ಅನ್ನಿಸುತ್ತದೆ. ಯಾವುದು ನಿಜವಾದ ಸೀಡರ್?

ಉತ್ತರ: ಪೆನ್ಸಿಲ್ ವಾಸನೆಯದು ಬಹುಶಃ ವರ್ಜೀನಿಯಾ ಸೀಡರ್. ಗಿಡಶಾಸ್ತ್ರದ ಪ್ರಕಾರ ಅದು ಜುನಿಪರ್ ಜಾತಿ. ನಿಮ್ಮ ಮೂಗು ಪೆನ್ಸಿಲ್ ಅಂದದ್ದು ಹೋಲಿಕೆಯಲ್ಲ, ಸತ್ಯವೇ. ಒಂದು ಕಾಲದಲ್ಲಿ ಪೆನ್ಸಿಲ್ ಮಾಡುತ್ತಿದ್ದದ್ದು ಆ ಮರದಲ್ಲೇ. ಟೆಕ್ಸಸ್ ಸೀಡರ್ ಅಂತ ಮಾರುವುದೂ ಇನ್ನೊಂದು ಜುನಿಪರ್. ಅದು ಇನ್ನೂ ಒರಟು, ಸ್ವಲ್ಪ ಹೊಗೆ.

ಪ್ರಾಣಿ ಪ್ರಾಣಿ ಅನ್ನಿಸುವುದು ಅಟ್ಲಾಸ್ ಸೀಡರ್ ಇರಬೇಕು. ಮೊರಾಕ್ಕೋದ ಅಟ್ಲಾಸ್ ಬೆಟ್ಟದ ಮರ. ಹಿಮಾಲಯದ ದೇವದಾರು ಇದರ ಹತ್ತಿರದ ನೆಂಟ, ಎರಡೂ ನಿಜವಾದ ಸೀಡರ್ ಕುಲದವು. ವರ್ಜೀನಿಯಾದ ಎಣ್ಣೆಯಲ್ಲಿ ಸೆಡ್ರೀನ್, ಸೆಡ್ರಾಲ್ ಜಾಸ್ತಿ. ಅಟ್ಲಾಸ್‌ನಲ್ಲಿ ಹಿಮಾಚಲೀನ್‌ಗಳು, ಅಟ್ಲಾಂಟೋನ್‌ಗಳು. ಒಳಗಿರುವ ಸಾಮಾನೇ ಬೇರೆಯಾದ ಮೇಲೆ ವಾಸನೆ ಒಂದೇ ಆಗುವುದಾದರೂ ಹೇಗೆ? ನನ್ನ ಕೇಳಿದರೆ ವರ್ಜೀನಿಯಾ ಅಂದರೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ ಗುಮಾಸ್ತ. ಅಟ್ಲಾಸ್‌ಗೆ ಮೈ ಇದೆ, ಬೆವರಿದೆ.

ಆ ಮೈಯನ್ನು ಚೆನ್ನಾಗಿ ಬಳಸಿಕೊಂಡದ್ದು 1992ರ 'ಫೆಮಿನಿತೆ ದ್ಯು ಬ್ವಾ'. ಶಿಸೆಡೊ ಕಂಪನಿಯ ಹೆಸರಿನಲ್ಲಿ ಸೆರ್ಜ್ ಲುಟೆನ್ಸ್ ತಂದದ್ದು. ಆಗ ಮರದ ಪರ್ಫ್ಯೂಮ್ ಅಂದರೆ ಗಂಡಸರದ್ದು ಅಂತ ಮಾರುಕಟ್ಟೆಯಲ್ಲಿ ಒಂದು ರೂಢಿ ಇತ್ತು. ಇವರು ಅಟ್ಲಾಸ್ ಸೀಡರ್‌ಗೆ ಪ್ಲಮ್ ಹಣ್ಣು, ಮಸಾಲೆ, ಹೂವು ಸೇರಿಸಿ ಹೆಂಗಸರ ಕೈಗೆ ಕೊಟ್ಟರು. ಮರಕ್ಕೆ ಗಂಡು ಹೆಣ್ಣು ಅಂತ ಇಲ್ಲ ಅನ್ನುವುದು ಮೂಗಿಗೆ ಮೊದಲಿಂದಲೂ ಗೊತ್ತಿತ್ತು. ಮಾರುವವರಿಗೆ ತಡವಾಗಿ ಗೊತ್ತಾಯಿತು, ಅಷ್ಟೇ.

ಇನ್ನೊಂದು ಸಾಧ್ಯತೆಯನ್ನೂ ಹೇಳಿಬಿಡುತ್ತೇನೆ. ನಿಮ್ಮ ಎರಡು ಬಾಟಲಿಗಳಲ್ಲಿ ಒಂದರಲ್ಲಾದರೂ ಮರದ ಎಣ್ಣೆಯೇ ಇಲ್ಲದೆ ಇರಬಹುದು. ಅದಕ್ಕೆ ಮುಂದಿನ ಪತ್ರ ನೋಡಿ.

ಪ್ರಶ್ನೆ: ಜಾಹೀರಾತಿನಲ್ಲಿ 'ಶ್ರೀಗಂಧ, ಸೈಪ್ರಸ್, ಓಕ್‌ಮಾಸ್' ಅಂತಿದೆ. ಡಬ್ಬಿಯ ಹಿಂದೆ ನೋಡಿದರೆ ಆಲ್ಕೋಹಾಲ್, ಪರ್ಫ್ಯೂಮ್, ನೀರು, ಲಿಮೊನೀನ್, ಲಿನಲೂಲ್. ಗಂಧ ಎಲ್ಲಿ ಹೋಯಿತು? ಇದು ಮೋಸ ಅಲ್ವಾ?

ಉತ್ತರ: ನೀವು ಎರಡು ಬೇರೆ ಬೇರೆ ಪಟ್ಟಿಗಳನ್ನು ಓದಿದ್ದೀರಿ. ಜಾಹೀರಾತಿನದು ನಿಮ್ಮ ಮೂಗಿಗೆ ಏನು ಅನ್ನಿಸಬೇಕು ಅನ್ನುವ ಪಟ್ಟಿ. ಡಬ್ಬಿಯ ಹಿಂದಿನದು ಕಾನೂನಿನ ಪಟ್ಟಿ. 'ಪರ್ಫ್ಯೂಮ್' ಅನ್ನುವ ಒಂದೇ ಪದದ ಹಿಂದೆ ಹತ್ತಾರು ವಸ್ತುಗಳು ಕೂತಿರುತ್ತವೆ. ಅವುಗಳಲ್ಲಿ ಅಲರ್ಜಿ ತರಬಹುದಾದ ಕೆಲವನ್ನು ಮಾತ್ರ ಹೆಸರಿಟ್ಟು ಬರೆಯಬೇಕು. ಯುರೋಪಿನಲ್ಲಿ ಮೊದಲು ಹೀಗೆ 26 ಹೆಸರುಗಳಿದ್ದವು. 2023ರ ಹೊಸ ನಿಯಮದಿಂದ ಅದು 80 ದಾಟಿತು. ಪೈನೀನ್, ಸ್ಯಾಂಟಲಾಲ್, ಅಟ್ಲಾಸ್ ಸೀಡರ್ ಎಣ್ಣೆ, ವರ್ಜೀನಿಯಾ ಸೀಡರ್ ಎಣ್ಣೆ ಎಲ್ಲವೂ ಈಗ ಆ ಪಟ್ಟಿಯಲ್ಲಿವೆ. ಮೈಗೆ ಹಚ್ಚಿ ಹಾಗೇ ಬಿಡುವ ಸಾಮಾನಿನಲ್ಲಿ 0.001 ಶೇಕಡಾ ದಾಟಿದರೆ ಬರೆಯಲೇಬೇಕು. ಹೊಸ ಡಬ್ಬಿಗಳು ಬಂದ ಹಾಗೆ ನಮ್ಮಂಥವರಿಗೆ ಓದಲು ಜಾಸ್ತಿ ಸಿಗುತ್ತದೆ.

ಮೋಸವಾ ಅಂತ ಕೇಳಿದಿರಿ. 'ಗಂಧದ ನೋಟ್', ಅಂದರೆ ಗಂಧದಂಥ ವಾಸನೆಯ ಎಳೆ, ಅಂತ ಬರೆದರೆ ನಾನು ಮೋಸ ಅನ್ನುವುದಿಲ್ಲ. 'ಅಪ್ಪಟ ಗಂಧದ ಎಣ್ಣೆ ಇದೆ' ಅಂತ ಬರೆದು ಒಂದು ಹನಿಯನ್ನೂ ಹಾಕದಿದ್ದರೆ ಮೋಸವೇ. ಓದುವಾಗ ಆ ಎರಡು ಮಾತಿನ ನಡುವಿನ ಅಂತರ ನೋಡಿಕೊಳ್ಳಿ.

ಓಕ್‌ಮಾಸ್ ವಿಷಯ ಬೇರೆಯೇ. ಅದು ಓಕ್ ಮರದ ಮೇಲೆ ಬೆಳೆಯುವ, ಕಲ್ಲುಹೂವಿನ ಜಾತಿಗೆ ಸೇರಿದ ವಸ್ತು. ಒದ್ದೆ ಮರದ ತೊಗಟೆ, ಸ್ವಲ್ಪ ಉಪ್ಪು, ಸ್ವಲ್ಪ ಶಾಯಿ. 1917ರಲ್ಲಿ ಕೋಟಿ ಕಂಪನಿಯ 'ಶಿಪ್ರ್' ಇದರ ಮೇಲೆ ನಿಂತು ಇಡೀ ಒಂದು ಪರ್ಫ್ಯೂಮ್ ಮನೆತನವನ್ನೇ ಹುಟ್ಟಿಸಿತು. ಆದರೆ ಅದರಲ್ಲಿರುವ ಅಟ್ರನಾಲ್, ಕ್ಲೋರೋಅಟ್ರನಾಲ್ ಚರ್ಮಕ್ಕೆ ಕೆಟ್ಟ ಅಲರ್ಜಿ ತರುತ್ತವೆ. ಯುರೋಪ್ 2017ರಲ್ಲಿ ಅವೆರಡನ್ನೂ ನಿಷೇಧಿಸಿತು. ಈಗ ಬರುವುದು ಅವನ್ನು ತೆಗೆದ ಓಕ್‌ಮಾಸ್, ಇಲ್ಲವೇ ಎವರ್ನಿಲ್ ಅನ್ನುವ ಲ್ಯಾಬಿನ ಪುಡಿ. ಎವರ್ನಿಲ್ ಒಳ್ಳೆಯದೇ. ಸ್ವಲ್ಪ ಶುದ್ಧ ಜಾಸ್ತಿ ಆಯಿತು ಅನ್ನಿಸುತ್ತದೆ ನನಗೆ. ಕಾಡಿನ ನೆಲಕ್ಕೆ ಇಷ್ಟೊಂದು ಶಿಸ್ತು ಯಾಕೆ?

ಪ್ರಶ್ನೆ: ಲಾವಂಚ, ಪಚೋಲಿ ಇವೂ ಮರದ ವಾಸನೆ ಅಂತಾರಲ್ಲ. ಇವು ಮರ ಅಲ್ಲವಲ್ಲ?

ಉತ್ತರ: ಅಲ್ಲ. ಒಂದು ಹುಲ್ಲಿನ ಬೇರು, ಇನ್ನೊಂದು ಎಲೆ. ಎರಡರ ಎಣ್ಣೆಯಲ್ಲೂ ಆ 15 ಕಾರ್ಬನ್ನಿನ ಭಾರದ ಅಣುಗಳೇ ತುಂಬಿವೆ. ಮೂಗಿಗೆ ಗಿಡದ ಯಾವ ಭಾಗ ಅನ್ನುವುದು ಬೇಕಿಲ್ಲ.

ಪ್ರಶ್ನೆ: ಸ್ನೇಹಿತೆಯೊಬ್ಬಳು ಹಚ್ಚಿಕೊಂಡ ಮರದ ಪರ್ಫ್ಯೂಮ್ ಚೆನ್ನಾಗಿದೆ ಅಂತ ನಾನೂ ತಂದೆ. ಬಾಟಲಿಗೆ ಮೂಗಿಟ್ಟರೂ ನನಗೆ ಏನೂ ಬರುವುದಿಲ್ಲ. ಮನೆಯವರಿಗೆಲ್ಲ ಬರುತ್ತದೆ. ನನ್ನ ಮೂಗು ಹಾಳಾಯಿತಾ?

ಉತ್ತರ: ಬೇರೆ ವಾಸನೆಗಳು ಸರಿಯಾಗಿ ಬರುತ್ತಿವೆ ತಾನೆ? ಹಾಗಿದ್ದರೆ ಗಾಬರಿ ಬೇಡ. ಎಲ್ಲ ವಾಸನೆಯೂ ಒಟ್ಟಿಗೆ ಹೋದರೆ ಮಾತ್ರ ಡಾಕ್ಟರ ಹತ್ತಿರ ಹೋಗಿ.

ಈ ದೂರು ಬಂದಾಗಲೆಲ್ಲ ನನ್ನ ಅನುಮಾನ ಹೋಗುವುದು ಐಸೋ ಇ ಸೂಪರ್ ಕಡೆಗೆ. 1973ರಲ್ಲಿ ಐಎಫ್‌ಎಫ್ ಕಂಪನಿಯ ಲ್ಯಾಬಿನಲ್ಲಿ ಹುಟ್ಟಿದ ವಸ್ತು. ಸೀಡರ್ ಥರ, ಆದರೆ ಒರಟು ತೆಗೆದು ನುಣುಪು ಮಾಡಿದ ಸೀಡರ್. ಇವತ್ತು ಮರದ ಪರ್ಫ್ಯೂಮ್‌ಗಳಲ್ಲಿ ಅದಿಲ್ಲದ್ದನ್ನು ಹುಡುಕುವುದೇ ಕಷ್ಟ. ನಾನು ತೂಕ ಮಾಡಿದ ಸಾಮಾನುಗಳಲ್ಲಿ ದೊಡ್ಡ ಡ್ರಮ್‌ನಲ್ಲಿ ಬರುತ್ತಿದ್ದದ್ದು ಇದು. ಬೇರೆಯವೆಲ್ಲ ಗ್ರಾಂ ಲೆಕ್ಕ, ಇದು ಕಿಲೋ ಲೆಕ್ಕ. 2006ರಲ್ಲಿ ಗೇಜಾ ಶೋನ್ ಎನ್ನುವ ಪರ್ಫ್ಯೂಮರ್ ಇದೊಂದನ್ನೇ ಆಲ್ಕೋಹಾಲ್‌ಗೆ ಹಾಕಿ 'ಮಾಲಿಕ್ಯೂಲ್ 01' ಅಂತ ಮಾರಿದರು. ಜನ ಕೊಂಡರು ಕೂಡ. ಅದರ ಬಗ್ಗೆ ಎಲ್ಲರೂ ಹೇಳುವ ಮಾತು ಒಂದೇ. ಹಚ್ಚಿಕೊಂಡವರಿಗೆ ಏನೂ ಬರುವುದಿಲ್ಲ, ಪಕ್ಕದವರು ಬಂದು ಏನು ಹಾಕಿದ್ದೀರಿ ಅಂತ ಕೇಳುತ್ತಾರೆ.

ಕಾರಣ ಎರಡು. ಕೆಲವರ ಮೂಗಿಗೆ ಹುಟ್ಟಿನಿಂದಲೇ ಕೆಲವು ಅಣುಗಳು ಕಾಣುವುದಿಲ್ಲ. ಎರಡನೆಯದು ದಣಿವು. ಈ ಥರದ ಮೆತ್ತನೆ ವಾಸನೆಗೆ ಮೂಗು ಬಹಳ ಬೇಗ ಒಗ್ಗಿ, ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನೇ ಬಿಟ್ಟುಬಿಡುತ್ತದೆ. ಬಾಟಲಿಗೆ ಮೂಗಿಟ್ಟು ಜೋರಾಗಿ ಎಳೆದುಕೊಂಡಷ್ಟೂ ದಣಿವು ಜಾಸ್ತಿ. ಹಾಗೆ ಮಾಡಬೇಡಿ. ಪಟ್ಟಿಯ ಮೇಲೆ ಹಾಕಿ, ಇನ್ನೊಂದು ಕೋಣೆಯಲ್ಲಿಟ್ಟು, ಹೊರಗೆ ಓಡಾಡಿ ಬಂದು ಸುಮ್ನೆ ಆ ಕೋಣೆಯೊಳಗೆ ನಡೆದು ಹೋಗಿ. ದಣಿವಿನಿಂದ ಆಗಿದ್ದರೆ ಬಾಗಿಲಲ್ಲೇ ಸಿಗುತ್ತದೆ. ಆಗಲೂ ಸಿಗದಿದ್ದರೆ ಸ್ನೇಹಿತೆಗೇ ಕೊಟ್ಟುಬಿಡಿ.

ಇದರ ಉಲ್ಟಾ ಕಥೆಯೂ ಇದೆ. ಕರಾನಾಲ್, ನಾರ್ಲಿಂಬನಾಲ್, ಆಂಬ್ರೋಸೆನೈಡ್ ಅನ್ನುವ ಗುಂಪು. ಒಣ ಮರ, ಅಂಬರಿನ ಛಾಯೆ, ಭಯಂಕರ ಶಕ್ತಿ. ಕೆಲವರಿಗೆ ಇವು ಬರುವುದೇ ಇಲ್ಲ. ಬರುವವರಿಗೆ ಮೂಗಿನೊಳಗೆ ಉಪ್ಪುಕಾಗದ ಉಜ್ಜಿದ ಹಾಗೆ. ನಾನು ಎರಡನೇ ಗುಂಪಿನವಳು. ಲಿಫ್ಟಿನಲ್ಲಿ ಯಾರಾದರೂ ಇದನ್ನು ಮೆತ್ತಿಕೊಂಡು ಬಂದರೆ ನಾನು ಮೆಟ್ಟಿಲು ಹತ್ತುತ್ತೇನೆ. ಇವನ್ನು ಬಳಸುವ ಪರ್ಫ್ಯೂಮರ್‌ಗಳಲ್ಲಿ ಕೆಲವರಿಗೆ ಆ ಚೂಪು ತಮಗೇ ಗೊತ್ತಾಗುವುದಿಲ್ಲ ಅಂತ ನನ್ನ ಗುಮಾನಿ.

ಪ್ರಶ್ನೆ: ನಿಜವಾದ ಗಂಧ, ಅಗರು ಬಳಸುವುದು ಸರಿಯಾ? ಮರ ಕಡಿಯಬೇಕಲ್ಲ. ಲ್ಯಾಬಿನದೇ ಒಳ್ಳೆಯದಾ?

ಉತ್ತರ: ಪೈನ್, ಫರ್ ಎಣ್ಣೆಗೆ ರೆಂಬೆ, ಸೂಜಿ ಎಲೆ ಸಾಕು. ಗಂಧಕ್ಕೆ ಹಾಗಲ್ಲ. ಎಣ್ಣೆ ಇರುವುದು ಮರದ ಚೇಗಿನಲ್ಲಿ, ಬೇರಿನಲ್ಲಿ. ಚೇಗು ಕಟ್ಟಲು ವರ್ಷಗಟ್ಟಲೆ ಬೇಕು. ಅದರ ಮೇಲೆ ಗಂಧದ ಗಿಡ ಅರೆ ಪರಾವಲಂಬಿ, ಪಕ್ಕದ ಗಿಡಗಳ ಬೇರಿಗೆ ಬಾಯಿ ಹಾಕಿ ಬದುಕುತ್ತದೆ. ಒಂಟಿಯಾಗಿ ನೆಟ್ಟರೆ ಸೊರಗುತ್ತದೆ. ಅಗರಿನದು ಇನ್ನೂ ವಿಚಿತ್ರ. ಆರೋಗ್ಯವಾಗಿರುವ ಅಗರು ಮರಕ್ಕೆ ಹೇಳಿಕೊಳ್ಳುವ ವಾಸನೆಯೇ ಇಲ್ಲ. ಗಾಯವಾಗಿ, ಶಿಲೀಂಧ್ರ ಹೊಕ್ಕು, ಮರ ತನ್ನನ್ನು ಕಾಪಾಡಿಕೊಳ್ಳಲು ಕಪ್ಪು ರಾಳ ಸುರಿಸಿದ ಮೇಲೆ ಮಾತ್ರ ಅದು ಅಗರು. ಹೊರಗಿನಿಂದ ನೋಡಿದರೆ ಒಳಗೆ ರಾಳ ಇದೆಯೋ ಇಲ್ಲವೋ ಸುಲಭಕ್ಕೆ ತಿಳಿಯದು. ಒಂದು ಮರದಲ್ಲಿ ಸಿಗಬಹುದು ಅಂತ ಹತ್ತು ಮರ ಕಡಿದವರಿದ್ದಾರೆ. 1995ರಲ್ಲಿ ಒಂದು ಜಾತಿಯ ಅಗರು, 2005ರಿಂದ ಅದರ ಇಡೀ ಕುಲವೇ ಸೈಟಿಸ್, ಅಂದರೆ ಅಪಾಯದಲ್ಲಿರುವ ಜೀವಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಎರಡನೇ ಅನುಬಂಧದಲ್ಲಿದೆ. ದೇಶದಿಂದ ದೇಶಕ್ಕೆ ಸಾಗಿಸಲು ಕಾಗದಪತ್ರ ಬೇಕು.

ಈಗ ಎರಡನ್ನೂ ತೋಟದಲ್ಲಿ ಬೆಳೆಸುತ್ತಾರೆ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಶ್ರೀಗಂಧದ್ದೇ ದೊಡ್ಡ ತೋಟಗಳಿವೆ. ಅಲ್ಲಿನ ಸ್ವಂತ ಗಂಧದ ಜಾತಿ ಬೇರೆ, ಅದರಲ್ಲಿ ಸ್ಯಾಂಟಲಾಲ್ ಕಡಿಮೆ. ಶ್ರೀಗಂಧದ ಎಣ್ಣೆ ಅನ್ನಿಸಿಕೊಳ್ಳಲು ಐಎಸ್‌ಒ ಮಾನದಂಡದಲ್ಲಿ ಆಲ್ಫಾ ಸ್ಯಾಂಟಲಾಲ್ 41ರಿಂದ 55 ಶೇಕಡಾ, ಬೀಟಾ ಸ್ಯಾಂಟಲಾಲ್ 16ರಿಂದ 24 ಶೇಕಡಾ ಇರಬೇಕು. ದೊಡ್ಡ ದುಡ್ಡು ಕೊಟ್ಟು ಎಣ್ಣೆ ಕೊಳ್ಳುವುದಾದರೆ ಈ ಎರಡು ಅಂಕಿ ಇರುವ ಪರೀಕ್ಷೆಯ ಕಾಗದ ಕೇಳಿ. ಕೊಡಲು ತಡವರಿಸಿದರೆ ಎದ್ದು ಬನ್ನಿ.

ಲ್ಯಾಬಿನದು? ಜಾವನಾಲ್, ಎಬನಾಲ್, ಪಾಲಿಸ್ಯಾಂಟಾಲ್, ಸ್ಯಾಂಡಲೋರ್ ಅಂತ ಹಲವು ಇವೆ. ಜಾವನಾಲ್ ಒಂದು ತೊಟ್ಟು ಸಾಕು, ಕೋಣೆ ತುಂಬುತ್ತದೆ. ಆದರೆ ನಿಜವಾದ ಗಂಧದೆಣ್ಣೆ ಕೂಗುವುದಿಲ್ಲ. ಹಾಲಿನಂಥ ನುಣುಪು, ಕೆಳಗೊಂದು ಚೂರು ಹುಳಿ, ಒಂದು ಚೂರು ಮೂತ್ರದ ಛಾಯೆ ಕೂಡ. ಮುಖ ಸಿಂಡರಿಸಬೇಡಿ, ಆ ಛಾಯೆ ಇಲ್ಲದಿದ್ದರೆ ಗಂಧ ಚಪ್ಪೆ. ಲ್ಯಾಬಿನ ಅಣುಗಳಲ್ಲಿ ಅದು ಇಲ್ಲ. ನನಗೆ ಸರಿ ಅನ್ನಿಸುವುದು ಲ್ಯಾಬಿನದು ಬೆನ್ನೆಲುಬಾಗಿ, ತೋಟದ ಎಣ್ಣೆ ಒಂದು ಚಿಟಿಕೆಯಷ್ಟು. ಕಾಡಿನಿಂದ ಕದ್ದ ಮರದ ಎಣ್ಣೆಯನ್ನು ಮಾತ್ರ ಯಾವ ಕಾರಣಕ್ಕೂ ಮುಟ್ಟಬೇಡಿ.

ಪ್ರಶ್ನೆ: ಪರ್ಫ್ಯೂಮ್‌ಗಳಲ್ಲಿ 'ಫೂಜೇರ್' ಅಂದರೆ ಜರೀಗಿಡದ ಪರಿಮಳ ಅಂತಾರೆ. ನಾನು ಜರೀಗಿಡ ಕಿವುಚಿ ನೋಡಿದೆ, ಏನೂ ಬರಲಿಲ್ಲ.

ಉತ್ತರ: ಬರುವುದಿಲ್ಲ. 1882ರಲ್ಲಿ ಊಬಿಗಾಂ ಪರ್ಫ್ಯೂಮ್ ಕಂಪನಿಯ ಪೌಲ್ ಪಾರ್ಕೆ 'ಫೂಜೇರ್ ರೊಯಾಲ್' ಮಾಡಿದಾಗ ಅದೊಂದು ಕಲ್ಪನೆ. ಲ್ಯಾವೆಂಡರ್, ಓಕ್‌ಮಾಸ್, ಜೊತೆಗೆ ಕುಮರಿನ್. ಕುಮರಿನ್ ಅಂದರೆ ಒಣಹುಲ್ಲಿನ ಸಿಹಿ ಘಮ. ಅದನ್ನು 1868ರಲ್ಲಿ ಪರ್ಕಿನ್ ಎನ್ನುವ ರಸಾಯನ ವಿಜ್ಞಾನಿ ಲ್ಯಾಬಿನಲ್ಲಿ ತಯಾರಿಸಿದ್ದರು. ಜರೀಗಿಡಕ್ಕೆ ವಾಸನೆ ಇದ್ದಿದ್ದರೆ ಹೀಗಿರುತ್ತಿತ್ತು ಅಂತ ಪಾರ್ಕೆ ಊಹಿಸಿದ್ದು. ಗಿಡವನ್ನು ಬಿಟ್ಟುಬಿಡಿ ಪಾಪ.

ಪ್ರಶ್ನೆ: ಮನೆಯಲ್ಲೇ ಕಾಡಿನ ಪರಿಮಳ ಮಾಡಬೇಕು ಅಂತ ಆಸೆ. ಕಪಾಟಿನಲ್ಲಿ ಹಳೆಯದೊಂದು ಪೈನ್ ಎಣ್ಣೆ ಅರ್ಧ ಬಾಟಲಿ ಇದೆ. ಈಗ ಸ್ವಲ್ಪ ಘಾಟು ಜಾಸ್ತಿ, ಬಣ್ಣದಂಗಡಿ ವಾಸನೆ. ಬಳಸಬಹುದಾ? ಅಳತೆ ಹೇಳಿ.

ಉತ್ತರ: ಆ ಬಾಟಲಿ ಬೇಡ. ಇದನ್ನು ಸ್ವಲ್ಪ ಕಟ್ಟುನಿಟ್ಟಾಗಿಯೇ ಹೇಳುತ್ತೇನೆ.

ಪೈನೀನ್, ಕ್ಯಾರೀನ್, ಲಿಮೊನೀನ್ ಇವೆಲ್ಲ ಗಾಳಿ ತಾಗಿದರೆ ಆಮ್ಲಜನಕ ಹೀರಿಕೊಂಡು ಪೆರಾಕ್ಸೈಡ್‌ಗಳಾಗುತ್ತವೆ. ಅರ್ಧ ಖಾಲಿ ಬಾಟಲಿ ಅಂದರೆ ಉಳಿದರ್ಧ ಗಾಳಿ. ಹೊಸ ಎಣ್ಣೆಗೆ ಸುಮ್ಮನಿದ್ದ ಚರ್ಮವನ್ನು ಹಳೆಯ ಎಣ್ಣೆ ಕೆರಳಿಸುತ್ತದೆ. ಟರ್ಪೆಂಟೈನ್ ಬಳಸುತ್ತಿದ್ದ ಬಣ್ಣಗಾರರ ಕೈಗೆ ಕಜ್ಜಿ ಬರುತ್ತಿದ್ದದ್ದು ಇದೇ ಕಾರಣಕ್ಕೆ. ಪರ್ಫ್ಯೂಮ್ ಉದ್ಯಮದ ಇಫ್ರಾ ನಿಯಮದ ಪ್ರಕಾರ ಪೈನ್, ಫರ್ ಕುಟುಂಬದ ಎಣ್ಣೆಗಳಲ್ಲಿ ಪೆರಾಕ್ಸೈಡ್ ಲೀಟರಿಗೆ 10 ಮಿಲಿಮೋಲ್ ದಾಟಬಾರದು. ಮನೆಯಲ್ಲಿ ಅದನ್ನು ಅಳೆಯಲು ಆಗುವುದಿಲ್ಲ. ಮೂಗಿಗೆ ಬಣ್ಣದಂಗಡಿ ಅನ್ನಿಸಿದರೆ ಅದೇ ತೀರ್ಪು. ಹೊಸದು ತಂದಾಗ ಸಣ್ಣ ಬಾಟಲಿಗಳಲ್ಲಿ ಕುತ್ತಿಗೆವರೆಗೆ ತುಂಬಿ, ತಣ್ಣಗೆ, ಕತ್ತಲಲ್ಲಿಡಿ. ಮೇಲೆ ತಾರೀಕು ಬರೆಯಿರಿ.

ಅಳತೆಗೆ ಬರೋಣ. ಹನಿ ಲೆಕ್ಕ ಬಿಡಿ. ತೆಳು ಎಣ್ಣೆಯ ಹನಿ ಚಿಕ್ಕದು, ಗಟ್ಟಿ ಎಣ್ಣೆಯದು ದೊಡ್ಡದು, ಎರಡನೇ ಸಲ ಅದೇ ವಾಸನೆ ಬರುವುದಿಲ್ಲ. 0.01 ಗ್ರಾಂ ತೋರಿಸುವ ಪುಟ್ಟ ತಕ್ಕಡಿ ಇಟ್ಟುಕೊಳ್ಳಿ. ಪ್ರತಿ ವಸ್ತುವನ್ನೂ ಮೊದಲು ಪರ್ಫ್ಯೂಮ್ ಕೆಲಸಕ್ಕೆಂದೇ ಮಾರುವ ಆಲ್ಕೋಹಾಲ್‌ನಲ್ಲಿ 10 ಶೇಕಡಾಕ್ಕೆ ತೆಳು ಮಾಡಿ. ಅಂದರೆ 1 ಗ್ರಾಂ ಎಣ್ಣೆ, 9 ಗ್ರಾಂ ಆಲ್ಕೋಹಾಲ್. ಹತ್ತಿರದಲ್ಲಿ ಬೆಂಕಿ ಬೇಡ.

ಆ ತೆಳು ದ್ರಾವಣಗಳಿಂದ ನಾನು ಶುರು ಮಾಡುವುದು ಹೀಗೆ: ಐಸೋ ಇ ಸೂಪರ್ 6 ಭಾಗ, ವರ್ಜೀನಿಯಾ ಸೀಡರ್ 4, ಸೈಬೀರಿಯನ್ ಫರ್ 3, ಫರ್ ಬಾಲ್ಸಮ್ ಅಬ್ಸಲ್ಯೂಟ್ 1, ಲಾವಂಚ 1. ಮೊದಲು ಮರ ಹಾಕಿ, ಎಲೆಯನ್ನು ಕೊನೆಗೆ. ಉಲ್ಟಾ ಮಾಡಿದರೆ ಎಲೆಯ ಘಾಟಿಗೆ ಮೂಗು ಮಂಕಾಗಿ ಮರ ಕಡಿಮೆ ಆಯಿತು ಅನ್ನಿಸುತ್ತದೆ, ಸುಮ್ನೆ ಸುರಿಯುತ್ತಾ ಹೋಗುತ್ತೀರಿ. ಹೊಗೆ ಬೇಕಿದ್ದರೆ ಶುದ್ಧೀಕರಿಸಿದ ಕೇಡ್ ಎಣ್ಣೆಯನ್ನು 1 ಶೇಕಡಾಕ್ಕೆ ಇಳಿಸಿ, ಒಂದು ಚೂರು. ಕೇಡ್ ಕೂಡ ಜುನಿಪರ್ ಮರದ್ದೇ, ಮರವನ್ನು ಸುಟ್ಟು ಇಳಿಸಿದ ಟಾರು. ಶುದ್ಧೀಕರಿಸದ್ದು ಅಗ್ಗಕ್ಕೆ ಸಿಗುತ್ತದೆ, ತರಬೇಡಿ, ಅದರಲ್ಲಿ ಕ್ಯಾನ್ಸರ್ ತರುವ ವಸ್ತುಗಳಿರುತ್ತವೆ.

ಎರಡು ವಾರ ಮುಚ್ಚಿಡಿ. ಆಮೇಲೆ ಪಟ್ಟಿಯ ಮೇಲೆ ಮಾತ್ರ ಮೂಸಿ. ಮೈಗೆ ಬೇಡ, ಅದಕ್ಕೆ ಒಂದೊಂದು ವಸ್ತುವಿನ ಮಿತಿಯನ್ನೂ ನೋಡಿ ಲೆಕ್ಕ ಹಾಕುವುದು ಕಲಿಯಬೇಕು.

ಪ್ರಶ್ನೆ: ಮರದ ಪರ್ಫ್ಯೂಮ್ ಬಟ್ಟೆಗೆ ಹಾಕಬಹುದಾ?

ಉತ್ತರ: ಹಾಕಬಹುದು, ಮೈಗಿಂತ ಜಾಸ್ತಿ ಹೊತ್ತು ನಿಲ್ಲುತ್ತದೆ. ಬಿಳಿ ಬಟ್ಟೆ, ರೇಷ್ಮೆ ಬೇಡ. ಫರ್ ಅಬ್ಸಲ್ಯೂಟ್, ಓಕ್‌ಮಾಸ್ ಇರುವ ಪರ್ಫ್ಯೂಮ್‌ಗೆ ತನ್ನದೇ ಬಣ್ಣ ಇರುತ್ತದೆ, ಕಲೆ ಬಿದ್ದರೆ ಹೋಗುವುದು ಕಷ್ಟ. ಒಳಗಿನ ಮಡಿಕೆಯ ಮೂಲೆಯಲ್ಲಿ ಒಂದು ಸಲ ಹಾಕಿ, ಒಣಗಿದ ಮೇಲೆ ನೋಡಿ.